ಫೈಲ್ ಇದೆ, ಸಾಫ್ಟ್‌ವೇರ್ ಇಲ್ಲ: ಸಿಮ್ಯುಲೇಶನ್ ಫಲಿತಾಂಶ ಓದಲು ಯಾವ ದಾರಿ ಯಾರಿಗೆ?

ಗಿಣಿಗೇರಾ ಕಡೆಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಮೇಂಟೆನೆನ್ಸ್ ಮುಖ್ಯಸ್ಥರು ಬಳ್ಳಾರಿಯ ನನ್ನ ಆಫೀಸಿಗೆ ಬಂದು ಮೇಜಿನ ಮೇಲೆ ಒಂದು ಹಾರ್ಡ್ ಡಿಸ್ಕ್ ಇಟ್ಟರು. "ಇದ್ರಾಗ ಎಲ್ಲಾ ಐತ್ರಿ. ನೋಡಿ ಹೇಳ್ರಿ" ಅಂದರು.

ಅವರ ಕಿಲ್ನ್, ಅಂದರೆ ಅದಿರು ಕಾಯಿಸುವ ತಿರುಗುವ ಕುಲುಮೆ, ಮೂರು ಮೀಟರ್ ವ್ಯಾಸದ್ದು, 42 ಮೀಟರ್ ಉದ್ದದ್ದು. ದಿನಕ್ಕೆ 100 ಟನ್ ತೆಗೆಯುವ ಕಿಲ್ನ್‌ಗಳು ಸಾಮಾನ್ಯವಾಗಿ ಇದೇ ಅಳತೆಯವು. ಎರಡು ವರ್ಷದ ಹಿಂದೆ ಹೊರಗಿನ ಒಂದು ಕನ್ಸಲ್ಟೆನ್ಸಿಯಿಂದ ಅದರ ಶೆಲ್‌ನ (ಹೊರಗಿನ ಉಕ್ಕಿನ ಕವಚದ) ಸ್ಟ್ರೆಸ್ ಅನಾಲಿಸಿಸ್, ಅಂದರೆ ಎಲ್ಲಿ ಎಷ್ಟು ಒತ್ತಡ ಬೀಳುತ್ತದೆ ಅನ್ನುವ ಕಂಪ್ಯೂಟರ್ ಲೆಕ್ಕ, ಮಾಡಿಸಿದ್ದರು. ಕೊಟ್ಟ ದುಡ್ಡಿಗೆ ಬಂದದ್ದು ಬಣ್ಣದ ಚಿತ್ರಗಳ ಒಂದು ಪಿಡಿಎಫ್ ಮತ್ತು ಆರು ಜಿಬಿಯ ಒಂದೇ ಒಂದು ಫೈಲ್. ಆನ್ಸಿಸ್ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರಿನ ಫಲಿತಾಂಶದ ಫೈಲ್, ಹೆಸರಿನ ಕೊನೆಯಲ್ಲಿ ಚುಕ್ಕೆ, ಆಮೇಲೆ ಆರ್‌ಎಸ್‌ಟಿ. ಈಗ ಎರಡನೇ ಟೈರ್ (ಕಿಲ್ನ್ ರೋಲರ್ ಮೇಲೆ ಕೂರುವ ಉಕ್ಕಿನ ಬಳೆ) ಹತ್ತಿರ ಶೆಲ್ ಪ್ಲೇಟ್ ಬದಲಿಸಬೇಕಿತ್ತು. ಆ ಜಾಗದ ಅಂಕಿ ಪಿಡಿಎಫ್‌ನಲ್ಲಿ ಇರಲಿಲ್ಲ. ಮಾಡಿಕೊಟ್ಟವರು ಫೋನ್ ಎತ್ತುತ್ತಿರಲಿಲ್ಲ. ನನ್ನ ಹತ್ತಿರ ಆನ್ಸಿಸ್ ಲೈಸೆನ್ಸ್ ಇರಲಿಲ್ಲ.

"ಫೈಲ್ ಐತಿ ಅಂದಮ್ಯಾಲ ಓಪನ್ ಆಗ್ಬೇಕಲ್ರೀ?"

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕುತ್ತಾ ನಾನು ಐದು ದಾರಿ ತುಳಿದಿದ್ದೇನೆ, ಒಂದೆರಡರಲ್ಲಿ ಮುಗ್ಗರಿಸಿದ್ದೇನೆ. ಈ ಕಡೆ ತೋರಣಗಲ್ಲು, ಕುಡಿತಿನಿ, ಶಕ್ತಿನಗರ, ಗಿಣಿಗೇರಾ ಅಂತ ಕಾರ್ಖಾನೆ ಕೆಲಸ ಮಾಡುವ ಸಣ್ಣ ಇಂಜಿನಿಯರಿಂಗ್ ಆಫೀಸುಗಳಿಗೂ, ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್ ಹುಡುಗರಿಗೂ ಇದೇ ಸಮಸ್ಯೆ ಬರುತ್ತದೆ. ಅವರಿಗಾಗಿ ಈ ಬರಹ. ಫೈಲ್ ತೆರೆಯುವುದು ದೊಡ್ಡ ವಿಷಯವಲ್ಲ, ಹೇಗೋ ತೆರೆಯುತ್ತದೆ. ತೆರೆದ ಮೇಲೆ ಕಾಣುವ ಅಂಕಿ ಸರಿಯಾದದ್ದೋ ಅಲ್ಲವೋ ಎಂದು ಹೇಳಬಲ್ಲ ದಾರಿ ಯಾವುದು ಅನ್ನುವುದರ ಮೇಲೆ ನಾನು ಆಯ್ಕೆ ಮಾಡುತ್ತೇನೆ.

ಒಂದು ನೂರು, ನಾಲ್ಕು ವೇಷ

ಸ್ಟ್ರೆಸ್ 100 ಎಂಪಿಎ (ಮೆಗಾಪಾಸ್ಕಲ್) ಅಂತಿಟ್ಟುಕೊಳ್ಳಿ. ಟೆಕ್ಸ್ಟ್ ಫೈಲಿನಲ್ಲಿ ಅದು ಒಂದು, ಸೊನ್ನೆ, ಸೊನ್ನೆ. ನೋಟ್‌ಪ್ಯಾಡಿನಲ್ಲೇ ಕಾಣುತ್ತದೆ. ಬೈನರಿ ಫೈಲಿನಲ್ಲಿ ಡಬಲ್ ಪ್ರಿಸಿಷನ್ ಆಗಿ ಬರೆದರೆ ಎಂಟು ಬೈಟ್, ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ವ್ಯೂವರ್‌ನಲ್ಲಿ ನೋಡಿದರೆ ಹೀಗಿರುತ್ತದೆ:

00 00 00 00 00 00 59 40

ಇದೇ ಎಂಟು ಬೈಟನ್ನು ಯಾರಾದರೂ ತಲಾ ನಾಲ್ಕು ಬೈಟಿನ ಎರಡು ಸಿಂಗಲ್ ಪ್ರಿಸಿಷನ್ ಅಂಕಿ ಅಂತ ಓದಿದರೆ ಸಿಗುವುದು 0 ಮತ್ತು 3.390625. ಬೈಟುಗಳ ಸಾಲನ್ನು ಹಿಂದುಮುಂದು ಮಾಡಿ ಓದಿದರೆ ದಶಮಾಂಶ ಚುಕ್ಕೆಯ ಆಚೆ 318 ಸೊನ್ನೆ ದಾಟಿದ ಮೇಲೆ ಮೊದಲ ಅಂಕಿ ಬರುತ್ತದೆ. ಅದೇ ನೂರು ಪೂರ್ಣಾಂಕವಾಗಿದ್ದರೆ ನಾಲ್ಕೇ ಬೈಟ್: 64 00 00 00 (ಹದಿನಾರರ ಲೆಕ್ಕದಲ್ಲಿ 64 ಅಂದರೆ ನೂರು). ಆನ್ಸಿಸ್‌ನ ಆರ್‌ಎಸ್‌ಟಿ ಫೈಲನ್ನು ಹೆಕ್ಸ್ ವ್ಯೂವರ್‌ನಲ್ಲಿ ತೆರೆದು ನೋಡಿ, ಮೊದಲು ಸಿಗುವುದೇ ಈ 64. ಮೊದಲ ದಾಖಲೆ 100 ಪೂರ್ಣಾಂಕಗಳ ಹೆಡರ್ ಆದ್ದರಿಂದ ಅದರ ಉದ್ದವನ್ನು ಮೊದಲೇ ಬರೆದಿರುತ್ತಾರೆ.

318 ಸೊನ್ನೆ ಬಂದರೆ ಭಯವಿಲ್ಲ, ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ. ನನಗೆ ಭಯ 3.39ರದ್ದು. ಅದು ಎಂಪಿಎ ಥರವೇ ಕಾಣುತ್ತದೆ, ಮಿಲಿಮೀಟರ್ ಥರವೂ ಕಾಣುತ್ತದೆ, ರಿಪೋರ್ಟಿನಲ್ಲಿ ಹೋಗಿ ಕೂತುಬಿಡುತ್ತದೆ.

ಬೈನರಿ ಯಾಕೆ ಬೇಕು ಅಂತ ಕೇಳಿದರೆ ಎಲ್ಲರೂ ಜಾಗ ಉಳಿಯುತ್ತದೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅಷ್ಟೇನೂ ಉಳಿಯುವುದಿಲ್ಲ. ಸಿಮ್ಯುಲೇಶನ್ ಮಾಡುವಾಗ ವಸ್ತುವನ್ನು ಎಲಿಮೆಂಟ್ ಅನ್ನುವ ಸಣ್ಣ ತುಂಡುಗಳಾಗಿ ಒಡೆಯುತ್ತಾರೆ, ಅವು ಕೂಡುವ ಬಿಂದು ನೋಡ್, ಇಡೀ ಬಲೆ ಮೆಶ್. ಐದು ಲಕ್ಷ ನೋಡ್, ಒಂದೊಂದಕ್ಕೆ ಆರು ಸ್ಟ್ರೆಸ್ ಅಂದರೆ 30 ಲಕ್ಷ ಅಂಕಿ. ಬೈನರಿಯಲ್ಲಿ 24 ಎಂಬಿ, ಹನ್ನೆರಡು ಅಕ್ಷರದ ಟೆಕ್ಸ್ಟ್ ಆದರೆ 36 ಎಂಬಿ. ಟೆಕ್ಸ್ಟಿನಲ್ಲಿ ಆರೇ ಅಂಕಿಯ ನಿಖರತೆ ಉಳಿಯುತ್ತದೆ ಅನ್ನುವುದು ಬೇರೆ ಮಾತು. ನಿಜವಾದ ಲಾಭ ನೆಗೆತದ್ದು. ಫೈಲಿನ ಮುಂಭಾಗದಲ್ಲೇ 'ಏಳನೇ ಲೋಡ್ ಸ್ಟೆಪ್ ಇಂಥಲ್ಲಿ ಶುರು' ಅಂತ ವಿಳಾಸ ಬರೆದಿರುತ್ತಾರೆ (ಲೋಡ್ ಸ್ಟೆಪ್ ಅಂದರೆ ಹೊರೆ ಹೇರುವ ಒಂದು ಹಂತ), ಓದುವವನು ನೇರ ಅಲ್ಲಿಗೆ ಜಿಗಿಯಬಹುದು. ಟೆಕ್ಸ್ಟ್ ಫೈಲಿನಲ್ಲಾದರೆ ಮೊದಲ ಸಾಲಿನಿಂದ ನಡೆದುಕೊಂಡೇ ಹೋಗಬೇಕು.

ಮೊದಲ ದಾರಿ: ಸಾಫ್ಟ್‌ವೇರ್ ಇದ್ದವರನ್ನೇ ಕೇಳುವುದು

ಪ್ರೋಗ್ರಾಮಿಂಗ್ ಬರುವವರಿಗೆ ಇದು ಅವಮಾನದ ದಾರಿ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಒಂದೇ ಸಲದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪರಿಚಯದವರೊಬ್ಬರ ಹತ್ತಿರ ಲೈಸೆನ್ಸ್ ಇದ್ದರೆ, ಅರ್ಧ ಗಂಟೆ ಅವರ ಪಕ್ಕದಲ್ಲಿ ಕೂತು ಬೇಕಾದ ನೋಡ್‌ಗಳ ಪಟ್ಟಿಯನ್ನು ಸಿಎಸ್‌ವಿ ಮಾಡಿಸಿಕೊಂಡು ಬಂದರೆ ಮುಗಿಯಿತು. ಒಂದು ಪ್ಲೇಟ್ ಮಿರ್ಚಿ ಮಂಡಕ್ಕಿಯ ಖರ್ಚು.

ಆದರೆ ಏನು ಕೇಳಬೇಕೆಂದು ಗೊತ್ತಿರಬೇಕು. 'ಸ್ಟ್ರೆಸ್ ಕಳಿಸಿ' ಅಂದರೆ ಅವರು ಯಾವುದೋ ಒಂದನ್ನು ಕಳಿಸುತ್ತಾರೆ. ಸರಾಸರಿ ತೆಗೆದದ್ದೋ, ಒಂದೊಂದು ಎಲಿಮೆಂಟಿನದ್ದು ಬಿಡಿಬಿಡಿಯಾಗಿಯೋ? ಒಂದು ನೋಡ್ ನಾಲ್ಕು ಎಲಿಮೆಂಟಿಗೆ ಸೇರಿದ್ದರೆ ಅಲ್ಲಿ ನಾಲ್ಕು ಬೇರೆ ಬೇರೆ ಸ್ಟ್ರೆಸ್ ಇರುತ್ತವೆ. ಆರು ಘಟಕಗಳನ್ನು ಮೊದಲು ಸರಾಸರಿ ಮಾಡಿ ಆಮೇಲೆ ವಾನ್ ಮೀಸಸ್ (ಆರನ್ನೂ ಸೇರಿಸಿ ಮಾಡುವ ಒಂದೇ ಅಂಕಿ) ತೆಗೆದರೆ ಒಂದು ಉತ್ತರ, ನಾಲ್ಕೂ ವಾನ್ ಮೀಸಸ್ ತೆಗೆದು ಆಮೇಲೆ ಸರಾಸರಿ ಮಾಡಿದರೆ ಇನ್ನೊಂದು ಉತ್ತರ. ಎರಡೂ ಬಳಕೆಯಲ್ಲಿವೆ. ಶೆಲ್ ಎಲಿಮೆಂಟ್ ಆದರೆ ಮೇಲ್ಮೈಯದ್ದೋ ಕೆಳಮೈಯದ್ದೋ ಅನ್ನುವುದು ಬೇರೆ. ಯೂನಿಟ್ಟಂತೂ ಕೇಳಲೇಬೇಕು. ಅಬಾಕಸ್ ಅನ್ನುವ ಇನ್ನೊಂದು ಸಾಫ್ಟ್‌ವೇರಿಗೆ ಯೂನಿಟ್ ಅನ್ನುವುದೇ ಗೊತ್ತಿಲ್ಲ, ಮಾಡೆಲ್ ಮಾಡಿದವನು ಮಿಲಿಮೀಟರ್ ಅಂದುಕೊಂಡಿದ್ದರೆ ಮಿಲಿಮೀಟರ್, ಮೀಟರ್ ಅಂದುಕೊಂಡಿದ್ದರೆ ಮೀಟರ್.

ಈ ದಾರಿಯ ಕೊರತೆ ಒಂದೇ. ನಾಳೆ ಇನ್ನೊಂದು ನೋಡ್ ಬೇಕಾದರೆ ಮತ್ತೆ ಹೋಗಬೇಕು. ಮೂರನೇ ಸಲ ಹೋಗುವಾಗ ನಮಗೇ ಸಂಕೋಚವಾಗುತ್ತದೆ.

ಎರಡನೇ ದಾರಿ: ಕಂಪನಿಯವರದ್ದೇ ಓದುಗ

ಆನ್ಸಿಸ್‌ಗೆ ಡಿಪಿಎಫ್ ಅನ್ನುವ ಫಲಿತಾಂಶ ಓದುವ ಸಾಧನ ಇದೆ. 2021ರ ಆರ್1 ಆವೃತ್ತಿಯಿಂದ ಆನ್ಸಿಸ್ ಜೊತೆಗೇ ಬರುತ್ತದೆ, ಪೈಥಾನ್‌ನಿಂದ ಕರೆಯಬಹುದು. ಫೈಲಿನ ಒಳಗುಟ್ಟು ನಮಗೆ ಗೊತ್ತಿರಬೇಕಿಲ್ಲ. 'ಏಳನೇ ಸೆಟ್‌ನ ಡಿಸ್‌ಪ್ಲೇಸ್‌ಮೆಂಟ್ ಕೊಡು' ಅಂದರೆ ಕೊಡುತ್ತದೆ. ಹೊಸ ಆವೃತ್ತಿಯ ಫೈಲ್ ಬಂದರೆ ಅದರ ಚಿಂತೆ ಅವರದ್ದು. ಲೈಸೆನ್ಸ್ ಇದ್ದವರು ಬೇರೆ ಯೋಚನೆಯನ್ನೇ ಮಾಡಬೇಡಿ, ಇದನ್ನೇ ಹಿಡಿಯಿರಿ. ಲೈಸೆನ್ಸ್ ಇಲ್ಲದ ನನ್ನಂಥವರಿಗೆ ಅದು ಮಠದ ಊಟವಲ್ಲ. ಪೈಥಾನ್ ಭಾಗ ಉಚಿತವಾಗಿ ಸಿಗುತ್ತದೆ, ಆದರೆ ಅದರ ಹಿಂದೆ ಓಡುವ ಸರ್ವರ್ ಬೇಕು, ಆ ಸರ್ವರ್‌ಗೆ ಅವರ ಒಪ್ಪಂದದ ಷರತ್ತುಗಳಿವೆ.

ಅಬಾಕಸ್‌ನ ಒಡಿಬಿ ಅನ್ನುವ ಫಲಿತಾಂಶದ ಫೈಲಿನ ಕಥೆ ಇನ್ನೂ ಬಿಗಿ. ಅದರ ರಚನೆಯನ್ನು ಕಂಪನಿ ಹೊರಗೆ ಹೇಳಿಲ್ಲ. ಓದಲು ಅವರದ್ದೇ ಪೈಥಾನ್ ಅಥವಾ ಸಿ++ ಸಾಧನ ಬೇಕು, ಅದು ಅಬಾಕಸ್ ಇನ್‌ಸ್ಟಾಲ್ ಆದ ಯಂತ್ರದಲ್ಲಿ ಮಾತ್ರ ಇರುತ್ತದೆ. ಆ ಪೈಥಾನ್ 2023ರ ಆವೃತ್ತಿಯವರೆಗೂ 2.7 ಆಗಿತ್ತು, 2024ರಲ್ಲಿ 3.10 ಆಯಿತು. ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡವರು ಪ್ರಿಂಟ್ ಸಾಲುಗಳಿಂದ ಹಿಡಿದು ತಿದ್ದಬೇಕಾಯಿತು. ಆವೃತ್ತಿಯ ತಾರತಮ್ಯವೂ ಇದೆ. ಹಳೆಯ ಒಡಿಬಿಯನ್ನು ಹೊಸ ಅಬಾಕಸ್‌ನಲ್ಲಿ ಅಪ್‌ಗ್ರೇಡ್ ಮಾಡಿ ತೆರೆಯಬಹುದು, ಹೊಸದನ್ನು ಹಳೆಯದರಲ್ಲಿ ತೆರೆಯಲಾಗದು.

ಒಡಿಬಿ ಓದುವವರಿಗೆ ಒಂದು ಗುಟ್ಟು ಹೇಳುತ್ತೇನೆ, ಇದೊಂದೇ ನನಗೆ ಎಷ್ಟೋ ಮಧ್ಯಾಹ್ನಗಳನ್ನು ಉಳಿಸಿದೆ. ಸಾಮಾನ್ಯವಾಗಿ ಎಲ್ಲರೂ 'ವ್ಯಾಲ್ಯೂಸ್' ಅನ್ನುವ ಪಟ್ಟಿಯ ಮೇಲೆ ಲೂಪ್ ಹಾಕುತ್ತಾರೆ. ಅದು ಒಂದೊಂದು ನೋಡ್‌ಗೂ ಒಂದೊಂದು ವಸ್ತು ಹುಟ್ಟಿಸುತ್ತಾ ಆಮೆಯಂತೆ ನಡೆಯುತ್ತದೆ. ಅದರ ಬದಲು 'ಬಲ್ಕ್ ಡೇಟಾ ಬ್ಲಾಕ್ಸ್' ಕೇಳಿದರೆ ಇಡೀ ರಾಶಿ ಒಂದೇ ಸಲ ಅರೇ ಆಗಿ ಬರುತ್ತದೆ. ಕಾಳು ಕಾಳು ಎಣಿಸುವುದಕ್ಕೂ ಚೀಲ ಎತ್ತುವುದಕ್ಕೂ ಇರುವಷ್ಟು ವ್ಯತ್ಯಾಸ.

ಮೂರನೇ ದಾರಿ: ಜನ ಬರೆದ ಲೈಬ್ರರಿ

ಇಲ್ಲಿ ಫೈಲಿನ ಜಾತಿ ನೋಡಿ ತೀರ್ಮಾನ ಮಾಡಬೇಕು.

ನಾಸ್ಟ್ರಾನ್ ಸಾಫ್ಟ್‌ವೇರಿನ ಫಲಿತಾಂಶದ ಫೈಲ್ ಒಪಿ2 ಆದರೆ ಕಣ್ಣು ಮುಚ್ಚಿಕೊಂಡು ಪೈನಾಸ್ಟ್ರಾನ್ ಲೈಬ್ರರಿ. ಉಚಿತ, ಓಪನ್ ಸೋರ್ಸ್, ವರ್ಷಗಟ್ಟಲೆ ಜನ ಬಳಸಿ ಪಳಗಿಸಿದ್ದು. ಇನ್‌ಪುಟ್ ಫೈಲನ್ನೂ ಅದೇ ಓದುವುದರಿಂದ ಮೆಶ್ ಮತ್ತು ಫಲಿತಾಂಶ ಎರಡೂ ಒಂದೇ ಕಡೆ ಸಿಗುತ್ತವೆ. ಇನ್ನೊಂದು ಅನುಕೂಲ, ನಾಸ್ಟ್ರಾನ್ ಎಫ್06 ಅನ್ನುವ ಟೆಕ್ಸ್ಟ್ ಫೈಲನ್ನೂ ಬರೆಯುತ್ತದೆ. ಒಪಿ2ರಲ್ಲಿ ಸಿಕ್ಕ ಅಂಕಿಯನ್ನು ಎಫ್06ರಲ್ಲಿ ಕಣ್ಣಿನಿಂದ ನೋಡಿ ತಾಳೆ ಹಾಕಬಹುದು. ಈ ಒಂದು ಕಾರಣಕ್ಕೇ ನನಗೆ ನಾಸ್ಟ್ರಾನ್ ಮೇಲೆ ಪ್ರೀತಿ. ಸಾಲ್ವ್, ಅಂದರೆ ಸಾಫ್ಟ್‌ವೇರಿನಲ್ಲಿ ಲೆಕ್ಕ, ಮಾಡುವಾಗ 'ಪ್ಯಾರಮ್, ಪೋಸ್ಟ್, -1' ಅನ್ನುವ ಸಾಲು ಇರದಿದ್ದರೆ ಒಪಿ2 ಹುಟ್ಟುವುದೇ ಇಲ್ಲದಿರಬಹುದು, ಅದನ್ನು ಮೊದಲೇ ನೋಡಿಕೊಳ್ಳಿ.

ಡಿಕ್ಕಿಯ ಸಿಮ್ಯುಲೇಶನ್ ಮಾಡುವ ಎಲ್‌ಎಸ್-ಡೈನಾದ ಡಿ3ಪ್ಲಾಟ್ ಫೈಲಿಗೆ ಲ್ಯಾಸೊ ಪೈಥಾನ್ ಇದೆ. ಡಿ3ಪ್ಲಾಟ್ ಒಂದೇ ಫೈಲ್ ಅಲ್ಲ, ಡಿ3ಪ್ಲಾಟ್01, 02 ಅಂತ ಸಂಸಾರ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವಾಗ ಮೊದಲನೆಯದನ್ನು ಮಾತ್ರ ತಂದರೆ ಮೆಶ್ ಬರುತ್ತದೆ, ಡಿಕ್ಕಿ ಆಗುವುದೇ ಇಲ್ಲ. ಕ್ರ್ಯಾಶ್ ಕೆಲಸ ನನಗೆ ಅಪರೂಪ, ಇದರ ಬಗ್ಗೆ ಇಷ್ಟೇ.

ಆರ್‌ಎಸ್‌ಟಿಗೆ ಆನ್ಸಿಸ್ ಇಲ್ಲದೆ ಓದುವ ಒಂದು ಪೈಥಾನ್ ಲೈಬ್ರರಿ ಇದೆ, ಎಂಎಪಿಡಿಎಲ್ ರೀಡರ್ ಅಂತ. ಹೊರಗಿನವರ ಪ್ರಾಜೆಕ್ಟ್ ಆಗಿ ಹುಟ್ಟಿ, ಆಮೇಲೆ ಆನ್ಸಿಸ್‌ನವರ ಪೈಥಾನ್ ಬಳಗಕ್ಕೆ ಸೇರಿತು. ಈಗ ಅವರ ಸಲಹೆ ಡಿಪಿಎಫ್ ಬಳಸಿ ಎಂದು. ಹಾಗಾಗಿ ಇದಕ್ಕೆ ಹೊಸ ಸೌಲಭ್ಯ ಬರುತ್ತದೆಂದು ಕಾಯಬೇಡಿ. ಮಾಮೂಲಿ ಸ್ಟ್ರಕ್ಚರಲ್ ಫೈಲ್ ಆದರೆ ಇದು ಸಾಕು. ಹಲವು ಕೋರ್‌ಗಳಲ್ಲಿ ಓಡಿಸಿ, ಒಂದುಗೂಡಿಸದೆ ಬಿಟ್ಟ ಫೈಲ್0, ಫೈಲ್1, ಫೈಲ್2 ಅನ್ನುವ ತುಂಡುಗಳು ನಿಮ್ಮ ಕೈಗೆ ಬಂದಿದ್ದರೆ ಕಷ್ಟ.

ಒಂದು ಎಡವುಗಲ್ಲು: ಈ ರೀಡರ್‌ನಲ್ಲಿ ಮೊದಲ ಫಲಿತಾಂಶದ ಸಂಖ್ಯೆ ಸೊನ್ನೆ, ಡಿಪಿಎಫ್‌ನಲ್ಲಿ ಒಂದು. ಅಲ್ಲಿಯ ಸ್ಕ್ರಿಪ್ಟನ್ನು ಇಲ್ಲಿಗೆ ತಂದರೆ ಪಕ್ಕದ ಲೋಡ್ ಸ್ಟೆಪ್‌ನ ಅಂಕಿ ಸಿಗುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ.

ನಾಲ್ಕನೇ ದಾರಿ: ನಾವೇ ಬರೆಯುವುದು, ಮತ್ತು ನನ್ನ ಮೂರು ಮಿಲಿಮೀಟರ್

ಆ ಕಿಲ್ನ್ ಫೈಲನ್ನು ಮೇಲೆ ಹೇಳಿದ ಲೈಬ್ರರಿಯಲ್ಲಿ ತೆರೆಯಬಹುದಿತ್ತು. ಆಗ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತೆರೆಯುತ್ತಿದ್ದೆನೋ ಇಲ್ಲವೋ. ಬೈಟುಗಳ ಜೊತೆ ಗುದ್ದಾಡುವ ಹುಚ್ಚು ಹತ್ತಿತ್ತು.

ಆನ್ಸಿಸ್‌ನವರು ಆರ್‌ಎಸ್‌ಟಿಯ ರಚನೆಯನ್ನು ಪ್ರೋಗ್ರಾಮರ್‌ಗಳ ಕೈಪಿಡಿಯಲ್ಲಿ ಬರೆದೇ ಇಟ್ಟಿದ್ದಾರೆ. ಅದು ಹೀಗೆ: ಪ್ರತಿ ದಾಖಲೆಯ ಶುರುವಿಗೆ ಎರಡು ಪದ, ಕೊನೆಗೆ ಒಂದು ಪದ, ನಡುವೆ ಸರಕು. ಪದ ಅಂದರೆ ಇಲ್ಲಿ ನಾಲ್ಕು ಬೈಟ್. ಮೊದಲ ಹೆಡರ್ 100 ಪದ, ಅದರ ಆಚೀಚೆಯ ಮೂರು ಸೇರಿ 103. ಆದ್ದರಿಂದ ಎರಡನೇ ಹೆಡರ್ ಬೇಕಾದರೆ 103ನೇ ಪದಕ್ಕೆ ಜಿಗಿಯಬೇಕು, ಅಂದರೆ 412ನೇ ಬೈಟಿಗೆ. ಅಲ್ಲಿ ನೋಡ್ ಎಷ್ಟು, ಎಲಿಮೆಂಟ್ ಎಷ್ಟು, ಯಾವುದು ಎಲ್ಲಿದೆ ಅನ್ನುವ ವಿಳಾಸಗಳು. ಮೊದಲ ಸಲ 412ಕ್ಕೆ ಜಿಗಿದು ನೋಡ್‌ಗಳ ಸಂಖ್ಯೆ ಪಿಡಿಎಫ್‌ನಲ್ಲಿ ಇದ್ದಷ್ಟೇ ಬಂದಾಗ ನಾನು ಎದ್ದು ಹೋಗಿ ಚಹಾ ಕುಡಿದು ಬಂದೆ.

ಡಿಸ್‌ಪ್ಲೇಸ್‌ಮೆಂಟ್ ಓದಿ ಚಿತ್ರ ಬಿಡಿಸಿದರೆ ಕಿಲ್ನ್ ಕಾಣಲಿಲ್ಲ, ಕಣದಲ್ಲಿ ಜೋಳ ಚೆಲ್ಲಿದಂತಿತ್ತು. ಕಾರಣ ಬೇಗ ಗೊತ್ತಾಯಿತು. ಫಲಿತಾಂಶಗಳು ನೋಡ್ ಸಂಖ್ಯೆಯ ಕ್ರಮದಲ್ಲಿ ಇರುವುದಿಲ್ಲ, ಸಾಲ್ವರ್‌ನ ಕ್ರಮದಲ್ಲಿ ಇರುತ್ತವೆ. ಯಾವುದು ಯಾರದ್ದು ಅನ್ನುವ ಪಟ್ಟಿ ಬೇರೆ ಕಡೆ ಇದೆ. ಅದನ್ನು ಜೋಡಿಸಿದ ಮೇಲೆ ಕಿಲ್ನ್ ಕಿಲ್ನ್ ಥರವೇ ಕಂಡಿತು. ಪಿಡಿಎಫ್‌ನ ಚಿತ್ರದ ಮೂಲೆಯಲ್ಲಿ ಆನ್ಸಿಸ್ ಅಚ್ಚು ಹಾಕುವ ಡಿಎಂಎಕ್ಸ್, ಅಂದರೆ ಒಟ್ಟು ಸ್ಥಾನಪಲ್ಲಟದ ಗರಿಷ್ಠ, ನನ್ನದಕ್ಕೆ ಕೊನೆಯ ಅಂಕಿಯವರೆಗೆ ತಾಳೆಯಾಯಿತು. ಗೆದ್ದೆ ಅಂದುಕೊಂಡೆ.

ನನ್ನ ಚಿತ್ರದಲ್ಲಿ ಎರಡನೇ ಟೈರ್ ಹತ್ತಿರ ಶೆಲ್‌ನ ಒಂದು ಪಟ್ಟಿ ಪೂರ್ತಿಯಾಗಿ ಒಂದು ಪಕ್ಕಕ್ಕೆ ಸರಿದಿತ್ತು. ಮೂರು ಮಿಲಿಮೀಟರ್. ಕಿಲ್ನ್ ಗೊತ್ತಿರುವವರಿಗೆ ಇದು ಅಸಾಧ್ಯ ಅನ್ನಿಸುವುದಿಲ್ಲ, ಟೈರ್ ಹತ್ತಿರ ಶೆಲ್ ಅಂಡಾಕಾರವಾಗುವುದು, ಅಲೈನ್‌ಮೆಂಟ್ ತಪ್ಪುವುದು ಎಲ್ಲಾ ಇದ್ದದ್ದೇ. ನಾನು ಫೋನ್ ಮಾಡಿ, "ಸಾರ್, ಶೆಲ್ ಮೂರು ಎಂಎಂ ಸರಿದಂಗ ಕಾಣ್ತೈತಿ" ಅಂದೆ. ಅವರು ಎರಡು ಕ್ಷಣ ಸುಮ್ಮನಿದ್ದು, "ಅಷ್ಟು ಸರದಿದ್ರ ಸಪೋರ್ಟ್ ರೋಲರ್ ಬೇರಿಂಗ್ ಬಿಸಿ ಆಗ್ಬೇಕಿತ್ತಲ್ರೀ? ನಮ್ಮದು ತಣ್ಣಗ ಐತಿ" ಅಂದರು.

ಆ ಮಾತು ತಲೆಯಲ್ಲಿ ಕೊರೆಯಿತು. ಕಾಗದ ತೆಗೆದುಕೊಂಡೆ. ತ್ರಿಜ್ಯ 1,500 ಮಿ.ಮೀ. ಮಾಡೆಲ್‌ನಲ್ಲಿ ಶೆಲ್ ಉಷ್ಣಾಂಶ 200 ಡಿಗ್ರಿ, ಹೊರಗೆ 30, ವ್ಯತ್ಯಾಸ 170. ಉಕ್ಕಿನ ಹಿಗ್ಗುವಿಕೆ ಡಿಗ್ರಿಗೆ ದಶಲಕ್ಷದಲ್ಲಿ 12 ಪಾಲು. ಗುಣಿಸಿದರೆ 3.06 ಮಿ.ಮೀ. ಸರಿದದ್ದು ಅಂತ ನಾನು ಹೇಳಿದ ಮೂರು ಮಿಲಿಮೀಟರ್ ಶಾಖಕ್ಕೆ ಶೆಲ್ ಸುತ್ತಲೂ ಹಿಗ್ಗಿದ್ದು.

ಆಗಿದ್ದೇನೆಂದರೆ, ಮಾಡೆಲ್ ಮಾಡಿದವರು ಟೈರ್ ಹತ್ತಿರದ ನೋಡ್‌ಗಳ ಅಕ್ಷಗಳನ್ನು ಸಿಲಿಂಡರಿಗೆ ಹೊಂದುವಂತೆ ತಿರುಗಿಸಿದ್ದರು. ಅಲ್ಲಿ ಮೊದಲ ಘಟಕ ಎಕ್ಸ್ ಅಲ್ಲ, ತ್ರಿಜ್ಯದ ದಿಕ್ಕು. ಆರ್‌ಎಸ್‌ಟಿಯಲ್ಲಿ ಡಿಸ್‌ಪ್ಲೇಸ್‌ಮೆಂಟ್ ಬರೆಯುವುದು ಆಯಾ ನೋಡ್‌ನ ಸ್ವಂತ ಅಕ್ಷಗಳಲ್ಲಿ. ಶಾಖಕ್ಕೆ ಹಿಗ್ಗಿದಾಗ ತ್ರಿಜ್ಯದ ದಿಕ್ಕಿನಲ್ಲಿ ಸುತ್ತ ಎಲ್ಲಾ ನೋಡ್‌ಗೂ ಮೂರು ಮಿಲಿಮೀಟರ್, ಎಲ್ಲವೂ ಧನ. ಅದನ್ನೇ ಎಕ್ಸ್ ಅಂತ ಓದಿದ ನನ್ನ ಪ್ರೋಗ್ರಾಮಿಗೆ ಇಡೀ ಬಳೆ ಒಂದು ಪಕ್ಕಕ್ಕೆ ಸರಿದಂತೆ ಕಂಡಿತು. ಡಿಎಂಎಕ್ಸ್ ಯಾಕೆ ತಾಳೆಯಾಯಿತು ಅಂದರೆ, ಅಕ್ಷ ಹೇಗೆ ತಿರುಗಿಸಿದರೂ ಒಟ್ಟು ಉದ್ದ ಬದಲಾಗುವುದಿಲ್ಲ. ವಾನ್ ಮೀಸಸ್ ಕೂಡ ಹಾಗೆಯೇ. ನಾನು ಪರೀಕ್ಷೆಗೆ ಆರಿಸಿದ ಅಂಕಿಯೇ ಈ ತಪ್ಪನ್ನು ಹಿಡಿಯಲಾರದ ಅಂಕಿಯಾಗಿತ್ತು.

ಎಂಎಪಿಡಿಎಲ್ ರೀಡರ್ ಈ ತಿರುಗಿಸುವ ಕೆಲಸವನ್ನು ಹೇಳದೆಯೇ ತಾನೇ ಮಾಡುತ್ತದೆ. ನೋಡ್‌ನ ಸ್ವಂತ ಅಕ್ಷದಲ್ಲೇ ಬೇಕೆಂದರೆ ಬೇರೆ ಕೇಳಬೇಕು. ನಾನು ಹದಿನೈದು ದಿನ ಕೂತು ಬರೆದದ್ದನ್ನು ಅಳಿಸಿ, ಅದನ್ನೇ ಹಾಕಿಕೊಂಡೆ.

ಹಾಗಂತ ಸ್ವಂತ ಓದುಗ ಬರೆಯಲೇಬೇಡಿ ಅನ್ನುವುದಿಲ್ಲ. ಎರಡು ಕಡೆ ಅದು ಸರಿ. ಒಂದು, ನಿಮ್ಮದೇ ಅಥವಾ ನಿಮ್ಮ ಗೈಡ್ ಬರೆದ ಫೋರ್ಟ್ರಾನ್ ಪ್ರೋಗ್ರಾಂ ಬರೆದ ಫೈಲ್. ಫೋರ್ಟ್ರಾನ್‌ನ ಅನ್‌ಫಾರ್ಮ್ಯಾಟೆಡ್ ಫೈಲಿನಲ್ಲಿ ಪ್ರತಿ ದಾಖಲೆಯ ಹಿಂದೆ ಮುಂದೆ ಅದರ ಉದ್ದವನ್ನು ಸಾಮಾನ್ಯವಾಗಿ ನಾಲ್ಕು ಬೈಟಿನಲ್ಲಿ ಬರೆದಿರುತ್ತದೆ. ಎರಡೂ ಒಂದೇ ಇದ್ದರೆ ನೀವು ಹಳಿಯ ಮೇಲಿದ್ದೀರಿ, ಬೇರೆಯಾದರೆ ಅಲ್ಲೇ ನಿಲ್ಲಿ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಸಾಧನವೇ ಇದೆ. ಇನ್ನೊಂದು, ಫೈಲ್ ಲ್ಯಾಪ್‌ಟಾಪಿನ ಮೆಮೊರಿಗಿಂತ ದೊಡ್ಡದು, ನಿಮಗೆ ಬೇಕಾದದ್ದು ಒಂದು ಚೂರು. ಆಗ ನಂಪೈ ಲೈಬ್ರರಿಯ ಮೆಮ್‌ಮ್ಯಾಪ್ ಹಾಕಿದರೆ ಇಡೀ ಫೈಲ್ ಮೆಮೊರಿಗೆ ಬರುವುದಿಲ್ಲ, ಮುಟ್ಟಿದ ಭಾಗ ಮಾತ್ರ ಬರುತ್ತದೆ. ಎಂಟು ಜಿಬಿ ರ್‍ಯಾಮಿನ ಯಂತ್ರದಲ್ಲಿ 20 ಜಿಬಿ ಫೈಲನ್ನು ಹೀಗೆ ಓದಿದ್ದೇನೆ, ಬಳ್ಳಾರಿಯ ಮೇ ತಿಂಗಳಿನಲ್ಲಿ, ಫ್ಯಾನ್ ಕೂಡ ಜೋರಾಗಲಿಲ್ಲ. ಲ್ಯಾಪ್‌ಟಾಪಿನ ಫ್ಯಾನ್ ಮಾತು ಹೇಳುತ್ತಿದ್ದೇನೆ, ಮೇಲಿನದು ಹೇಗೂ ಬಿಸಿಗಾಳಿಯನ್ನೇ ಬೀಸುತ್ತಿತ್ತು.

ಆರ್‌ಎಸ್‌ಟಿಯನ್ನು ಸ್ವಂತವಾಗಿ ಓದಲು ಹೊರಡುವವರಿಗೆ ಇನ್ನೊಂದು ಎಚ್ಚರಿಕೆ ಇದೆ: ಸೊನ್ನೆಗಳನ್ನು ಬಿಟ್ಟು ಬರೆಯುವ, ಒತ್ತಿ ಬರೆಯುವ ಪದ್ಧತಿಗಳು ಅದರಲ್ಲಿವೆ. ಕೈಪಿಡಿಯ ಸರಳ ಚಿತ್ರ ನಂಬಿ ಹೋದರೆ ದಾಖಲೆಯ ಉದ್ದ ನಿಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಮಧ್ಯದ ನೋಡ್‌ಗಳಿಗೆ ಸ್ಟ್ರೆಸ್ ಹುಡುಕಬೇಡಿ, ಅದರಲ್ಲಿ ಬರೆಯುವುದು ಎಲಿಮೆಂಟಿನ ಮೂಲೆಗಳದ್ದು ಮಾತ್ರ.

ಐದನೇ ದಾರಿ: ಫೈಲ್ ಹುಟ್ಟುವ ಮೊದಲೇ ಕೇಳುವುದು

ಸಾಲ್ವ್ ಇನ್ನೂ ಆಗಿಲ್ಲ ಅಂದರೆ ನಿಮ್ಮದು ಅದೃಷ್ಟ. ಎಲ್ಲಾ ದೊಡ್ಡ ಸಾಫ್ಟ್‌ವೇರುಗಳಲ್ಲೂ ಬೇರೆಯವರು ಓದಬಲ್ಲ ರೂಪದಲ್ಲಿ ಬರೆಸುವ ಕಿಟಕಿ ಒಂದು ಇದ್ದೇ ಇರುತ್ತದೆ, ಕೇಳುವವರಿಲ್ಲ ಅಷ್ಟೇ.

ಅಬಾಕಸ್‌ನಲ್ಲಿ ಒಡಿಬಿ ಜೊತೆಗೆ ಫಿಲ್ ಅನ್ನುವ ಹಳೆಯ ಫೈಲ್ ಬರೆಸಬಹುದು. ಅದರ ರಚನೆ ಕೈಪಿಡಿಯಲ್ಲಿದೆ, ದಾಖಲೆಗಳಿಗೆ ಸಂಖ್ಯೆಗಳಿವೆ: 101 ಅಂದರೆ ಡಿಸ್‌ಪ್ಲೇಸ್‌ಮೆಂಟ್, 11 ಅಂದರೆ ಸ್ಟ್ರೆಸ್, 2000 ಬಂದರೆ ಹೊಸ ಇನ್‌ಕ್ರಿಮೆಂಟ್ ಶುರು. ಇನ್‌ಪುಟ್‌ನಲ್ಲಿ ಒಂದು ಸಾಲು ಸೇರಿಸಿದರೆ ಬೈನರಿ ಬದಲು ಟೆಕ್ಸ್ಟ್ ರೂಪದಲ್ಲೇ ಬರುತ್ತದೆ. ಎಂಎಸ್‌ಸಿ ನಾಸ್ಟ್ರಾನ್ ಈಚಿನ ಆವೃತ್ತಿಗಳಲ್ಲಿ ಎಚ್‌ಡಿಎಫ್5 ಬರೆಯುತ್ತದೆ. ಕೋಡ್ ಆಸ್ಟರ್ ಅನ್ನುವ ಸಾಫ್ಟ್‌ವೇರಿನ ಮೆಡ್ ಫೈಲ್ ಒಳಗೂ ಎಚ್‌ಡಿಎಫ್5 ಇದೆ. ಎಚ್‌ಡಿಎಫ್5 ಕೂಡ ಬೈನರಿಯೇ, ಆದರೆ ಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ ಅಡುಗೆಮನೆ ಇದ್ದಂತೆ. ಒಳಗಿರುವುದು ಪೂರ್ಣಾಂಕವೋ ಡಬಲ್ಲೋ, ಎಷ್ಟು ಸಾಲು ಎಷ್ಟು ಕಂಬ, ಎಲ್ಲಾ ಫೈಲೇ ಹೇಳುತ್ತದೆ. 100 ಹೋಗಿ 3.39 ಆಗುವ ಪ್ರಶ್ನೆಯೇ ಇಲ್ಲ. ಅಕ್ಷಗಳ ಗೊಂದಲವನ್ನು ಮಾತ್ರ ಅದೂ ತಪ್ಪಿಸಲಾರದು.

ದುಡ್ಡಿಲ್ಲದ ಹುಡುಗರಿಗೆ ಕ್ಯಾಲ್ಕ್ಯುಲಿಕ್ಸ್ ಇದೆ. ಉಚಿತ, ಇನ್‌ಪುಟ್ ಬರವಣಿಗೆ ಅಬಾಕಸ್‌ನಂತೆಯೇ, ಫಲಿತಾಂಶದ ಎಫ್‌ಆರ್‌ಡಿ ಫೈಲ್ ಸಾಮಾನ್ಯವಾಗಿ ಟೆಕ್ಸ್ಟ್, ಬೇಕೆಂದರೆ ಬೈನರಿ. ನಾನು ಟೆಕ್ಸ್ಟೇ ಇಟ್ಟುಕೊಳ್ಳಿ ಅನ್ನುತ್ತೇನೆ. ಅದರಲ್ಲೂ ಒಂದು ಗುಂಡಿ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಆಮೇಲೆ ಇಬ್ಬರು ವಿದ್ಯಾರ್ಥಿಗಳು ಕ್ರೆಸ್ಟ್ ಗೇಟನ್ನೇ (ಅಣೆಕಟ್ಟೆಯ ತಲೆಯ ಮೇಲಿನ ಗೇಟು) ಪ್ರಾಜೆಕ್ಟ್ ಮಾಡುತ್ತೇವೆಂದು ಬಂದರು. ಒಬ್ಬ ಮುನಿರಾಬಾದಿನವನು, ಅಣೆಕಟ್ಟೆ ನೋಡುತ್ತಲೇ ಬೆಳೆದವನು. ಅಲ್ಲಿರುವ 33 ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಕ್ಯಾಲ್ಕ್ಯುಲಿಕ್ಸ್‌ನಲ್ಲಿ ಓಡಿಸಿ, ಎಫ್‌ಆರ್‌ಡಿ ಓದಿ, ಆಧಾರಗಳ ಪ್ರತಿಬಲ ಕೂಡಿಸಿದ್ದರು.

"ಸರ್, ಮೊತ್ತ ಸಾವಿರ ಕಿಲೋನ್ಯೂಟನ್ನೂ ದಾಟಲಿಲ್ಲ. ಮೆಶ್ ತಪ್ಪಿದೆಯಾ?"

"ಮೆಶ್ ಬಿಡಪಾ. ನೀರಿನ ಒತ್ತಡ ಎಷ್ಟಾಗಬೇಕು, ಅದನ್ನು ಹೇಳು."

ನೀರು ಗೇಟಿನ ತಲೆಯವರೆಗೆ ಇದ್ದರೆ ಎತ್ತರ 6.096 ಮೀಟರ್, ಅಗಲ 18.29 ಮೀಟರ್. 9.81ರ ಅರ್ಧ, ಗುಣಿಸು ಎತ್ತರದ ವರ್ಗ, ಗುಣಿಸು ಅಗಲ: ಸುಮಾರು 3,330 ಕಿಲೋನ್ಯೂಟನ್. ಅಂದರೆ 340 ಟನ್. ಪ್ರತಿಬಲದ ಮೊತ್ತ ಇಷ್ಟೇ ಬರಬೇಕು, ಮೆಶ್ ಒರಟಾಗಿದ್ದರೂ.

ಸ್ಕ್ರಿಪ್ಟ್ ನೋಡಿದೆ. ಸಾಲನ್ನು ಖಾಲಿ ಜಾಗ ಇರುವಲ್ಲಿ ಒಡೆದಿದ್ದರು, ಒಡೆಯದ ಸಾಲುಗಳನ್ನು ಎರರ್ ಬಂದಾಗ ಸುಮ್ಮನೆ ಬಿಟ್ಟು ಮುಂದೆ ಹೋಗು ಅಂತ ಬರೆದಿದ್ದರು. ಎಫ್‌ಆರ್‌ಡಿಯಲ್ಲಿ ಒಂದೊಂದು ಅಂಕಿಗೂ ಸರಿಯಾಗಿ ಹನ್ನೆರಡು ಅಕ್ಷರದ ಜಾಗ. ಋಣ ಚಿಹ್ನೆ ಬಂದರೆ ಹನ್ನೆರಡೂ ತುಂಬಿ, ಹಿಂದಿನ ಅಂಕಿಗೆ ಅಂಟಿಕೊಂಡುಬಿಡುತ್ತದೆ, ನಡುವೆ ಖಾಲಿ ಜಾಗ ಉಳಿಯುವುದಿಲ್ಲ. ಹಾಗಾಗಿ ಒಂದಾದರೂ ಋಣ ಅಂಕಿ ಇದ್ದ ಸಾಲುಗಳೆಲ್ಲಾ ಸದ್ದಿಲ್ಲದೆ ಮಾಯ. ಖಾಲಿ ಜಾಗ ನೋಡದೆ, ಮೊದಲ ಮೂರು ಅಕ್ಷರ, ಆಮೇಲೆ ಹತ್ತು, ಆಮೇಲೆ ಹನ್ನೆರಡು ಹನ್ನೆರಡು ಅಂತ ಅಳೆದು ಕತ್ತರಿಸಿದ ಮೇಲೆ ಮೊತ್ತ ಕೂಡಿಬಂತು. 'ಎರರ್ ಬಂದರೆ ಬಿಟ್ಟುಬಿಡು' ಅನ್ನುವ ಸಾಲನ್ನು ಮಾತ್ರ ನಾನೇ ಕೂತು ಅಳಿಸಿಸಿದೆ.

ಹಾಗಾದರೆ ಯಾವುದು?

ಒಂದೇ ಸಲದ ಕೆಲಸ, ಪರಿಚಯದವರ ಹತ್ತಿರ ಸಾಫ್ಟ್‌ವೇರ್ ಇದೆ ಅಂದರೆ ಅವರ ಮನೆಗೆ ಹೋಗಿ. ಲೈಸೆನ್ಸ್ ನಿಮ್ಮದೇ ಇದ್ದು ತಿಂಗಳಿಗೆ ಹತ್ತಾರು ಫೈಲ್ ಬರುತ್ತವೆ ಅಂದರೆ ಕಂಪನಿಯ ಓದುಗ. ಲೈಸೆನ್ಸ್ ಇಲ್ಲ, ಒಪಿ2 ಅಥವಾ ಆರ್‌ಎಸ್‌ಟಿ ಕೈಗೆ ಬಂದಿದೆ ಅಂದರೆ ಜನರ ಲೈಬ್ರರಿ. ಒಡಿಬಿ ಬಂದಿದ್ದು ಅಬಾಕಸ್ ಎಲ್ಲೂ ಸಿಗದಿದ್ದರೆ ಫೈಲ್ ಕೊಟ್ಟವರಿಗೇ ಹಿಂತಿರುಗಿಸಿ, ಬೈಟು ಕೆದಕಿ ವಯಸ್ಸು ಕಳೆಯಬೇಡಿ. ಸಾಲ್ವ್ ಇನ್ನೂ ಆಗಬೇಕಿದ್ದರೆ ಐದನೇ ದಾರಿಯ ಮುಂದೆ ಉಳಿದ ನಾಲ್ಕೂ ನನಗೆ ಎರಡನೇ ದರ್ಜೆಯವು.

ದಾರಿ ಯಾವುದಾದರೂ ತಾಳೆಗೆ ಎರಡು ಅಂಕಿ ಬೇಕು. ಒಂದನ್ನು ಕಾಗದದ ಮೇಲೆ ನೀವೇ ಲೆಕ್ಕ ಹಾಕಿ: ಒಟ್ಟು ತೂಕ, ನೀರಿನ ಒತ್ತಡ, ಶಾಖದ ಹಿಗ್ಗುವಿಕೆ, ಯಾವುದಾದರೂ ಸರಿ. ಇನ್ನೊಂದು, ಮೂಲ ಸಾಫ್ಟ್‌ವೇರಿನಲ್ಲಿ ಒಂದು ನೋಡ್‌ನ ಒಂದು ಘಟಕ. ಗರಿಷ್ಠವೂ ಬೇಡ, ಒಟ್ಟು ಉದ್ದವೂ ಬೇಡ, ಚಿಹ್ನೆ ಸಮೇತ ಒಂದು ದಿಕ್ಕಿನ ಅಂಕಿ. ಅದೂ ಎಲ್ಲೋ ನಡುವಿನ ನೋಡ್ ಅಲ್ಲ, ಮಾಡೆಲ್ ಮಾಡಿದವರು ಕೈಯಾಡಿಸಿರಬಹುದಾದ ಜಾಗದ್ದು, ಆಧಾರದ ಹತ್ತಿರದ್ದು.

ಹೊರಗೆ ಅನಾಲಿಸಿಸ್ ಮಾಡಿಸುವ ಕಾರ್ಖಾನೆಯವರಿಗೆ ಈಗ ನಾನು ಆರ್ಡರ್ ಕೊಡುವ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಇಷ್ಟು ಬರೆದು ಕಳಿಸುತ್ತೇನೆ: 'ಸಾರ್, ಪಿಡಿಎಫ್ ಜೊತೆ ಇವು ಬಂದ ಮೇಲೆ ಬಿಲ್ ಪಾಸ್ ಮಾಡ್ರಿ. ಇನ್‌ಪುಟ್ ಫೈಲ್. ಫಲಿತಾಂಶದ ಮೂಲ ಫೈಲ್, ಸಾಫ್ಟ್‌ವೇರಿನ ಹೆಸರು ಮತ್ತು ಆವೃತ್ತಿ. ಅದೇ ಫಲಿತಾಂಶ ಸಿಎಸ್‌ವಿ ಅಥವಾ ಎಚ್‌ಡಿಎಫ್5ರಲ್ಲಿ. ಯೂನಿಟ್ ಯಾವುದು, ಅಕ್ಷ ತಿರುಗಿಸಿದ ನೋಡ್ ಇದ್ದರೆ ಯಾವುವು ಅಂತ ಒಂದು ಹಾಳೆ. ಆಧಾರದ ಹತ್ತಿರದ ಐದು ನೋಡ್‌ಗಳ ಸಂಖ್ಯೆ, ಮೂರೂ ದಿಕ್ಕಿನ ಡಿಸ್‌ಪ್ಲೇಸ್‌ಮೆಂಟ್ ಸಮೇತ.'

ಗಿಣಿಗೇರಾದ ಕಿಲ್ನ್‌ಗೆ ಹೊಸ ಪ್ಲೇಟ್ ಕೂತಿತು. ಮುಂದಿನ ಶಟ್‌ಡೌನ್‌ಗೆ ಗರ್ತ್ ಗೇರ್ (ಕಿಲ್ನ್ ತಿರುಗಿಸುವ ದೊಡ್ಡ ಹಲ್ಲಿನ ಚಕ್ರ) ಹತ್ತಿರದ ಅಂಕಿ ಬೇಕಂತೆ, ಅದೇ ಹಾರ್ಡ್ ಡಿಸ್ಕ್ ಮತ್ತೆ ನನ್ನ ಮೇಜಿನ ಮೇಲಿದೆ.